ನಾಲ್ಕೂ ಸ್ವಿಚ್ಚಲ್ಲಿ 24 ಪೋರ್ಟೇ ಇದ್ರೆ ರೇಟ್ ಯಾಕೆ ಬೇರೆ ಬೇರೆ?

ಹೋದ ತಿಂಗಳು ದಾವಣಗೆರೆಯಿಂದ ಪರಿಚಯದ ಸಾವ್ಕಾರ್ರು ಒಬ್ರು ಫೋನ್ ಮಾಡಿದ್ರು. ಬಟ್ಟೆ ಅಂಗಡಿ, ಮೂರು ಫ್ಲೋರು, ರಸ್ತೆ ಆಚೆ ಒಂದು ಗೋಡೌನು. ಅಂಗಡಿ ರಿಪೇರಿ ನಡೀತಿತ್ತು, ಹಳೇ ವೈರಿಂಗೆಲ್ಲಾ ಕಿತ್ತು ಹೊಸದು ಎಳೆಸ್ತಿದ್ರು, ನೆಟ್‌ವರ್ಕ್ ಸ್ವಿಚ್ಚಿಗೆ, ಅಂದ್ರೆ ಕಂಪ್ಯೂಟರ್, ಕ್ಯಾಮೆರಾ ಕೇಬಲೆಲ್ಲಾ ಪೋರ್ಟ್ ಅನ್ನೋ ಕಿಂಡಿಗಳಲ್ಲಿ ಬಂದು ಸೇರೋ ಡಬ್ಬಿಗೆ, ನಾಲ್ಕು ಕಡೆಯಿಂದ ಕೊಟೇಶನ್ ತರಿಸಿಟ್ಟಿದ್ರು. "ಏನ್ ತಮ್ಮಾ ಇದು, ಒಬ್ಬ ಒಂಬತ್ತ್ ಸಾವ್ರ ಅಂತಾನ, ಇನ್ನೊಬ್ಬ ಒಂದೂವರೆ ಲಕ್ಷ ಅಂತಾನ, ನಾಲ್ಕರಾಗೂ ಇಪ್ಪತ್ನಾಕ್ ಪೋರ್ಟು ಗಿಗಾಬಿಟ್ ಅಂತಾನೇ ಬರದೈತಿ. ಪಂಚೆ ಆದ್ರೆ ಕೈಯಾಗ್ ಹಿಡ್ದು ಹೇಳ್ತೀನಿ ಯಾವುದಕ್ಕೆ ಯಾಕೆ ರೇಟು ಅಂತ. ಇದನ್ನ ಹೆಂಗ್ ನೋಡೋದು?"

ಒಳ್ಳೇ ಪ್ರಶ್ನೆ. ಹತ್ತು ವರ್ಷದಿಂದ ಅಂಗಡಿ, ಆಸ್ಪತ್ರೆ, ಸೊಸೈಟಿ ಅಂತ ಕೇಬಲ್ ಎಳ್ಕೊಂಡು ಓಡಾಡ್ತಿದೀನಿ, ಇದನ್ನ ಇಷ್ಟು ನೇರವಾಗಿ ಕೇಳಿದೋರು ಕಮ್ಮಿ. ಅವರಿಗೆ ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೀತಿದೀನಿ.

ಮೊದಲು ದೊಡ್ಡ ಅಕ್ಷರದಲ್ಲಿ ಹಾಕಿರ್ತಾರಲ್ಲ, ಸ್ವಿಚಿಂಗ್ ಕೆಪಾಸಿಟಿ 48 ಜಿಬಿಪಿಎಸ್ (ಸೆಕೆಂಡಿಗೆ 48 ಗಿಗಾಬಿಟ್) ಅಂತ, ಅದನ್ನ ಮರೆತುಬಿಡಿ. 24 ಪೋರ್ಟು, ಒಂದೊಂದು 1 ಗಿಗಾಬಿಟ್, ಹೋಗೋದು ಬರೋದು ಎರಡೂ ಸೇರಿಸಿ ಎರಡರಿಂದ ಗುಣಿಸಿದ್ರೆ 48. ಅಷ್ಟೇ ಅದು. ಮೇಲೆ 10 ಗಿಗಾಬಿಟ್ಟಿನ ನಾಲ್ಕು ಎಸ್‌ಎಫ್‌ಪಿ ಪ್ಲಸ್, ಅಂದ್ರೆ ಫೈಬರ್ ಹಾಕೋ ಕಿಂಡಿ ಇದ್ರೆ 128 ಆಗತ್ತೆ. ಅದು ಮಗ್ಗಿ, ಕ್ವಾಲಿಟಿ ಅಲ್ಲ. ಈಗ ಹೆಸರಿರೋ ಯಾವ ಕಂಪನಿ ಗಿಗಾಬಿಟ್ ಸ್ವಿಚ್ ತಗೊಂಡ್ರೂ ಎಲ್ಲಾ ಪೋರ್ಟು ಒಟ್ಟಿಗೆ ಫುಲ್ ಸ್ಪೀಡಲ್ಲಿ ಓಡೋ ಶಕ್ತಿ ಇದ್ದೇ ಇರತ್ತೆ, ಮತ್ತೆ ಬಟ್ಟೆ ಅಂಗಡಿಗೆ ಅಷ್ಟು ಬೇಕೂ ಇಲ್ಲ. ಲೆಕ್ಕ ಹಾಕಿ ನೋಡಿ, ಇವರದ್ದು 14 ಕ್ಯಾಮೆರಾ, ಒಂದೊಂದು ಸುಮಾರು 4 ಎಂಬಿಪಿಎಸ್ (ಸಾವಿರ ಎಂಬಿಪಿಎಸ್ ಸೇರಿದ್ರೆ ಒಂದು ಜಿಬಿಪಿಎಸ್) ತಿಂದ್ರೂ ಒಟ್ಟು 56, ಅಂದ್ರೆ ಒಂದೇ ಒಂದು ಪೋರ್ಟಿನ ಹದಿನೇಳರಲ್ಲಿ ಒಂದು ಪಾಲು ಕೂಡ ಇಲ್ಲ. ಏಳು ಬಿಲ್ಲಿಂಗ್ ಕೌಂಟರ್ ಇಡೀ ದಿನ ಸೀರೆ ಬಿಲ್ ಹೊಡೆದ್ರೂ ಒಂದು ವಾಟ್ಸಾಪ್ ವಿಡಿಯೋದಷ್ಟು ಡೇಟಾ ಆಗತ್ತೋ ಇಲ್ವೋ.

ಹಾಗಾದ್ರೆ ನೋಡೋದು ಏನು? ನನ್ನ ಪ್ರಕಾರ ಮೊದಲು ನೋಡಬೇಕಾಗಿರೋದು ಕರೆಂಟು. ನೆಟ್‌ವರ್ಕ್ ಕೇಬಲಲ್ಲೇ ಕರೆಂಟ್ ಕಳಿಸ್ತೀವಲ್ಲ, ಪಿಓಇ, ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಟೇಬಲ್ ಮೇಲಿನ ಐಪಿ ಫೋನ್ ಎಲ್ಲಾ ಅದರಲ್ಲೇ ಓಡೋದು. ಮೊದಲು ಬಂದ 802.3ಎಎಫ್ ಸ್ಟ್ಯಾಂಡರ್ಡಲ್ಲಿ ಒಂದು ಪೋರ್ಟಿಗೆ 15.4 ವಾಟ್, 2009ರಲ್ಲಿ ಬಂದ ಎಟಿ, ಅಂದ್ರೆ ಪಿಓಇ ಪ್ಲಸ್, ಅದರಲ್ಲಿ 30 ವಾಟ್, ಆಮೇಲೆ ಬಂದ ಬಿಟಿ ಸ್ಟ್ಯಾಂಡರ್ಡಲ್ಲಿ 90ರವರೆಗೂ ಹೋಗತ್ತೆ. ಇದೆಲ್ಲಾ ಒಂದೊಂದು ಪೋರ್ಟಿನ ಲೆಕ್ಕ. ಇಡೀ ಸ್ವಿಚ್ಚು ಒಟ್ಟಿಗೆ ಎಷ್ಟು ಕೊಡತ್ತೆ ಅನ್ನೋದೇ ಬೇರೆ, ಅದಕ್ಕೆ ಪಿಓಇ ಬಜೆಟ್ ಅಂತಾರೆ, ಅದು ಕೊಟೇಶನ್ನಲ್ಲಿ ಎಲ್ಲೂ ಬರೆದಿರಲ್ಲ.

ಇದನ್ನ ನಾನು ಪೆಟ್ಟು ತಿಂದು ಕಲ್ತಿದ್ದು. ಶುರುವಿನ ದಿನಗಳಲ್ಲಿ ಒಂದು ಗೋಡೌನಿಗೆ ಎಂಟು ಕ್ಯಾಮೆರಾ ಹಾಕಿದ್ದೆ, ಎಂಟು ಪೋರ್ಟಿನ ಪಿಓಇ ಸ್ವಿಚ್ಚು, ಒಟ್ಟು ಬಜೆಟ್ 65 ವಾಟ್. ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲಾ ಚೆಂದ ಓಡ್ತಿತ್ತು, ದುಡ್ಡು ಇಸ್ಕೊಂಡು ಮನೆಗೆ ಬಂದೆ. ಏಳು ಗಂಟೆಗೆ ಫೋನು, ಏಳನೇದು ಎಂಟನೇದು ಕ್ಯಾಮೆರಾ ಹೋಗಿ ಹೋಗಿ ಬರ್ತಿದೆ ಅಂತ. ಬೆಳಿಗ್ಗೆ ಹೋಗಿ ನೋಡಿದ್ರೆ ಏನೂ ಇಲ್ಲ, ಸರಿ ಇದೆ. ಮತ್ತೆ ಸಂಜೆ ಏಳಕ್ಕೆ ಅದೇ ಕಥೆ. ಮೂರನೇ ದಿನಕ್ಕೆ ವಾಚ್‌ಮನ್ ಆ ಮೂಲೆಯಲ್ಲಿ ಏನೋ ಇದೆ ಸಾರ್, ಮೊದಲೇ ಹೇಳಿದ್ದೆ ಅಂತ ಶುರು ಮಾಡ್ದ. ಇದ್ದಿದ್ದು ದೆವ್ವ ಅಲ್ಲ. ಕತ್ತಲಾದ ತಕ್ಷಣ ಎಲ್ಲಾ ಕ್ಯಾಮೆರಾದಲ್ಲೂ ಕತ್ತಲಲ್ಲಿ ನೋಡೋಕೆ ಇರೋ ಐಆರ್ ಲೈಟ್ ಆನ್ ಆಗತ್ತೆ, ಹಗಲಲ್ಲಿ ಆರು ವಾಟ್ ತಿನ್ನೋದು ರಾತ್ರಿ ಒಂಬತ್ತು ತಿನ್ನತ್ತೆ, ಎಂಟೊಂಬತ್ಲಿ ಎಪ್ಪತ್ತೆರಡು, ಇರೋದು 65. ಸ್ವಿಚ್ಚು ಪಾಪ ಏನ್ ಮಾಡತ್ತೆ, ಕೊನೇ ಪೋರ್ಟುಗಳ ಕರೆಂಟ್ ಕಟ್ ಮಾಡತ್ತೆ, ಲೋಡ್ ಇಳಿಯತ್ತೆ, ಮತ್ತೆ ಕೊಡತ್ತೆ, ಮತ್ತೆ ಕಟ್. ಆವತ್ತಿಂದ ನಾನು ಕ್ಯಾಮೆರಾ ಲೆಕ್ಕ ಹಾಕೋದು ರಾತ್ರಿ ಹೊತ್ತಿನ ವಾಟಲ್ಲೇ.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಸ್ವಿಚ್ಚು ಕ್ಯಾಮೆರಾ ನಿಜವಾಗಿ ತಿನ್ನೋದನ್ನ ನೋಡಿ ಲೆಕ್ಕ ಇಡ್ತವೆ, ಕೆಲವು ಕ್ಯಾಮೆರಾದ ಕ್ಲಾಸ್, ಅಂದ್ರೆ ಹೆಚ್ಚೆಂದ್ರೆ ಎಷ್ಟು ಕರೆಂಟ್ ಬೇಕು ಅಂತ ಅದು ಹೇಳ್ಕೊಳ್ಳೋ ದರ್ಜೆ, ಅದನ್ನ ನೋಡಿ ಪೂರ್ತಿ 15.4 ವಾಟ್ ಎತ್ತಿಟ್ಟುಬಿಡ್ತವೆ, ಮದುವೆ ಮನೇಲಿ ಬರದೇ ಇರೋರಿಗೂ ಎಲೆ ಹಾಕಿದ ಹಾಗೆ. ಆಗ 65 ವಾಟಲ್ಲಿ ನಾಲ್ಕೇ ಕ್ಯಾಮೆರಾಗೆ ಊಟ. ಒಳ್ಳೇ ಸ್ವಿಚ್ಚಲ್ಲಿ ಇದನ್ನ ಸೆಟ್ಟಿಂಗಲ್ಲಿ ಬದಲಾಯಿಸಬಹುದು.

ಹಾಂ, ಕರೆಂಟ್ ವಿಷಯ ಬಂದಿದ್ದಕ್ಕೆ ಕೇಬಲ್ ಬಗ್ಗೆ ಒಂದು ಮಾತು. ತಾಮ್ರ ಅಂತ ಹೇಳಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ ಕೊಟ್ಟಿರೋ ಸಿಸಿಎ ಕೇಬಲ್ ಮಾರ್ಕೆಟ್ ತುಂಬಾ ಇದೆ. ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ. ಲಕ್ಷ ರೂಪಾಯಿ ಸ್ವಿಚ್ ಹಾಕಿ ಈ ಕೇಬಲ್ ಎಳೆಸಿದ್ರೆ ದೂರದ ಕ್ಯಾಮೆರಾಗೆ ವೋಲ್ಟೇಜೇ ತಲುಪಲ್ಲ, ಬೈಸ್ಕೊಳ್ಳೋದು ಮಾತ್ರ ಸ್ವಿಚ್ಚು.

ಈಗ ಸಾವ್ಕಾರ್ರ ನಾಲ್ಕು ಕೊಟೇಶನ್ನಿಗೆ ಬರೋಣ. ಒಂಬತ್ತು ಸಾವಿರದ್ದು ಅನ್‌ಮ್ಯಾನೇಜ್ಡ್, ಅಂದ್ರೆ ಒಳಗೆ ಹೋಗಿ ಸೆಟ್ಟಿಂಗ್ ಮಾಡೋಕೆ ಬರಲ್ಲ, ಪಿಓಇನೇ ಇಲ್ಲ. ಅಂದ್ರೆ ಪ್ರತಿ ಕ್ಯಾಮೆರಾಗೂ ಒಂದು ಅಡಾಪ್ಟರು, ಒಂದು ಪ್ಲಗ್ ಪಾಯಿಂಟು, ಎಲೆಕ್ಟ್ರಿಶಿಯನ್ ಖರ್ಚು ಸೇರಿಸಿದ್ರೆ ಉಳಿತಾಯ ಅಲ್ಲಿಗೇ ಸಮ.

ಎರಡನೇದು ಹದಿನಾಲ್ಕು ಸಾವಿರದ್ದು, ಸಿಸಿಟಿವಿ ಅಂಗಡಿಯೋರು ಕೊಡೋ ಪಿಓಇ ಸ್ವಿಚ್ಚು. ಅದನ್ನ ತೆಗೆದು ನೋಡಿದ್ರೆ ಗಿಗಾಬಿಟ್ ಇರೋದು ರೂಟರಿಗೋ ಇನ್ನೊಂದು ಸ್ವಿಚ್ಚಿಗೋ ಹೋಗೋ ಮೇಲಿನ ಎರಡು ಅಪ್‌ಲಿಂಕಲ್ಲಿ ಮಾತ್ರ, ಉಳಿದ 24ಉ 100 ಎಂಬಿಪಿಎಸ್. ಇದನ್ನ ನಾನು ಬೈಯಲ್ಲ, ಬರೀ ಕ್ಯಾಮೆರಾಗೆ 100 ಧಾರಾಳ ಸಾಕು, ಎಷ್ಟೋ ಇಂಥವುಗಳಲ್ಲಿ ಒಂದು ಚಿಕ್ಕ ಬಟನ್ ಒತ್ತಿದ್ರೆ ಸ್ಪೀಡ್ 10ಕ್ಕೆ ಇಳಿಸ್ಕೊಂಡು 250 ಮೀಟರ್ ದೂರದವರೆಗೂ ಕ್ಯಾಮೆರಾ ಓಡಿಸ್ತವೆ, ಹಳ್ಳಿ ಕಡೆ ತೋಟಕ್ಕೆ ಬಹಳ ಉಪಯೋಗ. ಆದ್ರೆ ಅದೇ ಸ್ವಿಚ್ಚಿಗೆ ವೈಫೈ ಆಕ್ಸೆಸ್ ಪಾಯಿಂಟ್ ಚುಚ್ಚಿದ್ರೆ ಕಥೆ ಮುಗೀತು. 300 ಎಂಬಿಪಿಎಸ್ ಪ್ಲಾನ್ ಹಾಕ್ಸಿದೀವಿ, ಸ್ಪೀಡ್ ಟೆಸ್ಟಲ್ಲಿ 94ರ ಮೇಲೆ ಹೋಗ್ತಾನೇ ಇಲ್ಲ ಅಂತ ಇಂಟರ್ನೆಟ್ ಕಂಪನಿಗೆ ಜಗಳ ಆಡ್ತಿರೋರು ಒಮ್ಮೆ ಮಧ್ಯ ಎಲ್ಲಾದ್ರೂ ಹಂಡ್ರೆಡ್ ಪೋರ್ಟ್ ಕೂತಿದೆಯಾ ನೋಡ್ಕೊಳ್ಳಿ.

ನಾಲ್ಕನೇದು ಒಂದೂವರೆ ಲಕ್ಷದ್ದು ಲೇಯರ್ 3 ಸ್ವಿಚ್ಚು, ಅಂದ್ರೆ ಬೇರೆ ಬೇರೆ ನೆಟ್‌ವರ್ಕ್ ನಡುವಿನ ರೂಟರ್ ಕೆಲಸಾನೂ ತಾನೇ ಮಾಡೋದು. ದೊಡ್ಡ ಕಾಲೇಜಿಗೆ, ನಾಲ್ಕೈದು ಬಿಲ್ಡಿಂಗಿನ ಫ್ಯಾಕ್ಟರಿಗೆ ಸರಿ. ಇಲ್ಲಿ ಕ್ಯಾಮೆರಾ ಬೇರೆ, ಬಿಲ್ಲಿಂಗ್ ಬೇರೆ, ಗಿರಾಕಿಗಳ ವೈಫೈ ಬೇರೆ ಅಂತ ಮೂರು ವಿಲ್ಯಾನ್, ಅಂದ್ರೆ ಅದೇ ಸ್ವಿಚ್ಚಲ್ಲಿ ಮೂರು ಬೇರೆ ಬೇರೆ ನೆಟ್‌ವರ್ಕ್ ಮಾಡಿದ್ರೆ ಅವುಗಳ ನಡುವೆ ಓಡಾಡೋ ಚೂರುಪಾರು ಟ್ರಾಫಿಕ್ ರೂಟರೇ ನೋಡ್ಕೊಳತ್ತೆ. ಕ್ಯಾಮೆರಾ ರೆಕಾರ್ಡ್ ಮಾಡೋ ಎನ್‌ವಿಆರ್ ಡಬ್ಬವನ್ನೂ ಕ್ಯಾಮೆರಾ ಇರೋ ವಿಲ್ಯಾನಲ್ಲೇ ಇಟ್ರೆ ರೆಕಾರ್ಡಿಂಗ್ ಟ್ರಾಫಿಕ್ ರೂಟರ್ ಮುಖಾನೂ ನೋಡಲ್ಲ. ಬೇಡ ಅಂದೆ.

ಉಳಿದಿದ್ದು ಮೂರನೇದು, ಸ್ಮಾರ್ಟ್ ಮ್ಯಾನೇಜ್ಡ್ ಅಂತಾರೆ, ಬ್ರೌಸರಲ್ಲಿ ಲಾಗಿನ್ ಆಗಿ ನೋಡಬಹುದು. "ನೋಡಿ ಏನ್ ಮಾಡೋದೈತಿ, ಮೂಲ್ಯಾಗ್ ಬಿದ್ದಿರ್ತೈತಿ" ಅಂದ್ರು ಸಾವ್ಕಾರ್ರು. ಅದಕ್ಕೆ ಅವರದ್ದೇ ಹಳೇ ಅಂಗಡಿ ಕಥೆ ನೆನಪು ಮಾಡಿಸ್ದೆ. ಎರಡು ವರ್ಷದ ಹಿಂದೆ ದೀಪಾವಳಿ ಮುಂಚಿನ ಶನಿವಾರ, ಅಂಗಡಿ ತುಂಬಾ ಜನ, ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂಗೆ ಒಂದು ಬಿಲ್ಲೂ ಬರ್ತಿಲ್ಲ. ನಾನು ಹೋಗಿ ನೋಡಿದ್ರೆ ಸ್ವಿಚ್ಚಿನ ಎಲ್ಲಾ ಲೈಟು ಒಟ್ಟಿಗೆ ಹುಚ್ಚು ಹಿಡಿದಂಗೆ ಬಡ್ಕೋತಿದಾವೆ. ಕಸ ಗುಡಿಸೋಕೆ ಬಂದ ಹುಡುಗ ಕೆಳಗೆ ಬಿದ್ದಿದ್ದ ಕೇಬಲ್ ತುದಿ ನೋಡಿ ಪಾಪ ಕಿತ್ತುಹೋಗಿದೆ ಅಂದ್ಕೊಂಡು ಖಾಲಿ ಪೋರ್ಟಿಗೆ ಚುಚ್ಚಿದಾನೆ, ಅದರ ಇನ್ನೊಂದು ತುದಿನೂ ಅದೇ ಸ್ವಿಚ್ಚಲ್ಲಿ. ಲೂಪ್. ಒಂದು ಪ್ಯಾಕೆಟ್ ಒಳಗೇ ಸುತ್ತಿ ಸುತ್ತಿ ಸಾವಿರ ಆಗಿ ಇಡೀ ನೆಟ್‌ವರ್ಕ್ ಉಸಿರು ಕಟ್ಟಿ ಸತ್ತಿತ್ತು, ಒಂದೊಂದೇ ಕೇಬಲ್ ಕಿತ್ತು ಹುಡುಕೋಷ್ಟರಲ್ಲಿ ಒಂದು ಗಂಟೆ, ಅಷ್ಟೊತ್ತು ಕೈಯಲ್ಲೇ ಬಿಲ್ ಬರೆದ್ರು.

ಈ ಲೂಪ್ ಕಾಟಕ್ಕೆ ರೇಡಿಯಾ ಪರ್ಲ್‌ಮನ್ ಅನ್ನೋ ಹೆಂಗಸು 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಅಂತ ಔಷಧಿ ಕಂಡುಹಿಡಿದಿದ್ರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡ್ಕೊಂಡು, ಎಲ್ಲಿ ಸುತ್ತು ಬೀಳತ್ತೋ ಆ ಪೋರ್ಟನ್ನ ಮುಚ್ಚಿಬಿಡ್ತವೆ. ಅಷ್ಟು ಹಳೇ ಔಷಧಿ ಒಂಬತ್ತು ಸಾವಿರದ ಡಬ್ಬೀಲಿ ಇರಲ್ಲ, ಸ್ಮಾರ್ಟ್ ಸ್ವಿಚ್ಚಲ್ಲಿ ಇರತ್ತೆ. ಒಂದು ಗಂಟೆ ಬಿಲ್ಲಿಂಗ್ ನಿಂತಿದ್ದು ನೆನಪಾದ ಮೇಲೆ ಸಾವ್ಕಾರ್ರು ಮೂಲೆ ಮಾತು ಎತ್ತಲಿಲ್ಲ.

ಹಳೇ ಕಥೆ ಅಂದಾಗ ಇನ್ನೊಂದು ನೆನಪಾಯ್ತು. ಮೊದಲು ಹಬ್ ಅಂತ ಇರ್ತಿತ್ತು, ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಕೇಳ್ಸೋದು. ಅದನ್ನ ಬಿಟ್ಟು ಯಾರಿಗೆ ಬೇಕೋ ಅವರಿಗಷ್ಟೇ ತಲುಪಿಸೋ ಈಥರ್ನೆಟ್ ಸ್ವಿಚ್ಚನ್ನ 1990ರ ಹೊತ್ತಿಗೆ ಮಾರ್ಕೆಟಿಗೆ ತಂದಿದ್ದು ಕಲ್ಪನಾ ಅನ್ನೋ ಕಂಪನಿ. ಹೌದು, ಕಲ್ಪನಾ. ನಮ್ಮ ಮಿನುಗುತಾರೆ ಅಲ್ಲ, ಸಿಲಿಕಾನ್ ವ್ಯಾಲಿಯಲ್ಲಿ ಲ್ಯಾರಿ ಬ್ಲೇರ್ ಜೊತೆ ಸೇರಿ ಕಂಪನಿ ಶುರು ಮಾಡಿದ ಭಾರತ ಮೂಲದ ವಿನೋದ್ ಭಾರದ್ವಾಜ್ ಅವರ ಹೆಂಡತಿ ಹೆಸರು. 1994ರಲ್ಲಿ ಸಿಸ್ಕೋ ಅದನ್ನ ಕೊಂಡ್ಕೊಳ್ತು. ಇದನ್ನ ಹೇಳಿದ್ರೆ ಸಾವ್ಕಾರ್ರು ಸ್ವಿಚ್ಚಿಗಿಂತ ಇದಕ್ಕೇ ಜಾಸ್ತಿ ಖುಷಿ ಪಟ್ರು.

ಬ್ರ್ಯಾಂಡ್ ಯಾವುದು ಅಂತ ಎಲ್ಲರೂ ಕೇಳ್ತಾರೆ. ಸಿಸ್ಕೋದಲ್ಲಿ ಚಿಕ್ಕ ಆಫೀಸಿಗೆ ಅಂತಾನೇ ಕ್ಯಾಟಲಿಸ್ಟ್ 1200, 1300 ಇದೆ, ಗಟ್ಟಿ ಸಾಮಾನು, ಆದ್ರೆ ಪಿಓಇ ಮಾಡೆಲಿಗೆ ಹೋದ್ರೆ ಜೇಬಿಗೆ ಒದೆಯತ್ತೆ. ಸಿಸ್ಕೋದ್ದೇ ಮೆರಾಕಿ ಅಂತ ಯಾರಾದ್ರೂ ತೋರಿಸಿದ್ರೆ ಲೈಸೆನ್ಸ್ ಎಷ್ಟು ವರ್ಷದ್ದು ಅಂತ ಮೊದಲು ಕೇಳಿ, ಅದು ಲೈಸೆನ್ಸ್ ಮೇಲೇ ಓಡೋ ಗಾಡಿ, ಅಂಗಡಿಯೋರಿಗೆ ಅಲ್ಲ. ಮೈಕ್ರೋಟಿಕ್ ನನಗೆ ಪ್ರಾಣ, ಲಾಟ್ವಿಯಾ ದೇಶದ ಕಂಪನಿ, ಆ ದುಡ್ಡಿಗೆ ಅಷ್ಟು ಫೀಚರ್ ಬೇರೆ ಯಾರೂ ಕೊಡಲ್ಲ, ಆದ್ರೆ ಅದರ ಸಿಆರ್‌ಎಸ್ ಸ್ವಿಚ್ಚಲ್ಲಿ ರೂಟರ್ ಸಾಫ್ಟ್‌ವೇರೂ ಇದೆ ಅಂತ ಅದನ್ನೇ ರೂಟರ್ ಮಾಡ್ಕೊಂಡು ಸ್ಲೋ ಸ್ಲೋ ಅಂತ ಅಳೋರನ್ನ ತುಂಬಾ ನೋಡಿದೀನಿ, ಒಳಗಿರೋ ಸಿಪಿಯು ಆ ಕೆಲಸಕ್ಕಲ್ಲ. ಅದಕ್ಕಿಂತ ಮುಖ್ಯ, ನಾಳೆ ನಾನು ಊರಲ್ಲಿ ಇಲ್ಲ ಅಂದ್ರೆ ಅದನ್ನ ಮುಟ್ಟೋರು ಯಾರು? ಯೂನಿಫೈ ನೋಡೋಕೆ ಚೆಂದ, ಆದ್ರೆ 24 ಪೋರ್ಟಿನ ಚಿಕ್ಕ ಪಿಓಇ ಮಾಡೆಲಲ್ಲಿ ಕರೆಂಟ್ ಬರೋದು 16ರಲ್ಲಿ ಮಾತ್ರ, ಒಟ್ಟು ಬಜೆಟ್ 95 ವಾಟ್, ಡಬ್ಬದ ಮೇಲೆ 24 ಅಂತಿದೆ ಅಂತ ತಂದು ಆಮೇಲೆ ತಲೆ ಕೆರ್ಕೋಬೇಡಿ. ಕೊನೆಗೆ ಉಳಿದಿದ್ದು ಟಿಪಿ-ಲಿಂಕಿನ ಒಮಾಡಾ ಮತ್ತೆ ಎಚ್‌ಪಿಇಯ ಇನ್‌ಸ್ಟಂಟ್ ಆನ್ 1930. ಎರಡಕ್ಕೂ ವರ್ಷವರ್ಷ ಲೈಸೆನ್ಸ್ ಕಟ್ಟೋ ಕಾಟ ಇಲ್ಲದೇ ನಡೆಸಬಹುದು. ಇನ್‌ಸ್ಟಂಟ್ ಆನ್ ಆರಿಸಿದ್ದಕ್ಕೆ ಕಾರಣ ಏನೂ ಘನವಾದದ್ದಲ್ಲ, ಅದರ ಡೀಲರ್ ಊರಲ್ಲೇ ಇದಾರೆ, ಕೆಟ್ರೆ ಬದಲಿ ಪೀಸ್ ಕೊಡೋ ಮನುಷ್ಯ ಫೋನ್ ಎತ್ತತಾನೆ. ಒಮಾಡಾ ತಗೊಂಡಿದ್ರೂ ಏನೂ ಮೋಸ ಇರ್ಲಿಲ್ಲ.

ಲೆಕ್ಕ ಹೀಗೆ ಹಾಕಿದ್ವಿ. ಅಂಗಡೀಲಿ 11 ಕ್ಯಾಮೆರಾ, ರಾತ್ರಿ ಲೆಕ್ಕ ಹತ್ತು ವಾಟ್ ಹಿಡಿದು 110, ನಾಲ್ಕು ಆಕ್ಸೆಸ್ ಪಾಯಿಂಟಿಗೆ ಹದಿನೈದರಂತೆ 60, ಐದು ಫೋನಿಗೆ 25. ಕೂಡಿದ್ರೆ 195. ಆ 1930 ಸೀರೀಸಲ್ಲಿ 24 ಪೋರ್ಟಿನದು ಬರೋದು 195 ವಾಟ್ ಒಂದು, 370 ವಾಟ್ ಒಂದು. ಸಾವ್ಕಾರ್ರಿಗೆ ಖುಷಿಯೋ ಖುಷಿ, "ಕರೆಕ್ಟ್ ಹೊಂದ್ತು ನೋಡ್" ಅಂತ. ಕರೆಕ್ಟ್ ಹೊಂದಿದ್ದೇ ತೊಂದರೆ. ಬ್ಲೌಸ್ ಪೀಸ್ ಅಳತೆಗೆ ಸರಿಯಾಗಿ ಕತ್ತರಿಸ್ತೀರಾ, ಹೊಲಿಗೆಗೆ ಅಂತ ಬಿಡಲ್ವಾ ಅಂದೆ. 370ಕ್ಕೆ ಒಪ್ಪಿದ್ರು. ಬಿಲ್ಲಿಂಗ್ ಕಂಪ್ಯೂಟರುಗಳಿಗೆ ಅದೇ ಸೀರೀಸಿನ ಪಿಓಇ ಇಲ್ಲದ ಸ್ವಿಚ್ಚು, ಗೋಡೌನಿನ ಮೂರು ಕ್ಯಾಮೆರಾಗೆ ಎಂಟು ಪೋರ್ಟಿನ ಪಿಓಇ. ಮೂರಕ್ಕೂ 18 ಪರ್ಸೆಂಟ್ ಜಿಎಸ್‌ಟಿ ಬಿಲ್ಲಲ್ಲೇ ತಗೊಳ್ಳಿ, ಇನ್‌ಪುಟ್ ಕ್ರೆಡಿಟ್ ಬರತ್ತೆ ಅಂತ ಅವರ ಆಡಿಟರೇ ಹೇಳಿದ್ರು.

ಗೋಡೌನಿಗೆ ಕೇಬಲ್ ದಾರಿ 130 ಮೀಟರ್, ತಾಮ್ರದ ಕೇಬಲಿಗೆ ಲಿಮಿಟ್ಟು 100. ದೂರ ಕಮ್ಮಿ ಇದ್ದಿದ್ರೂ ನಾನು ಫೈಬರೇ ಹಾಕಿಸ್ತಿದ್ದೆ. ಏಪ್ರಿಲ್ ಮೇ ಗುಡುಗಿನ ಮಳೇಲಿ ಎರಡು ಬಿಲ್ಡಿಂಗ್ ನಡುವೆ ತಾಮ್ರ ತೂಗಾಡ್ತಿದ್ರೆ ಸಿಡಿಲಿಗೆ ಕೈಕೊಟ್ಟು ಕರ್ಕೊಂಡು ಬಂದಂಗೆ, ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯಲ್ಲ. ಫೈಬರಲ್ಲಿ ಸಿಂಗಲ್ ಮೋಡ್ ಅನ್ನೋ ಜಾತೀನೇ ಆರಿಸಿದ್ವಿ, ಯಾಕಂದ್ರೆ ತುಂಡಾದ್ರೆ ಜೋಡಿಸೋಕೆ ಲೋಕಲ್ ಇಂಟರ್ನೆಟ್ ಹುಡುಗರ ಹತ್ರ ಮಷಿನ್ ಇದ್ದೇ ಇರತ್ತೆ.

ಕೊನೇ ಜಗಳ ಆಗಿದ್ದು ರ್ಯಾಕ್ ಎಲ್ಲಿಡೋದು ಅಂತ. ಇಂಟೀರಿಯರ್‌ನೋರು ಮೆಟ್ಟಿಲ ಕೆಳಗೆ ಬಾಗಿಲು ಹಾಕಿದ ಗೂಡು ತೋರಿಸಿದ್ರು. ದಾವಣಗೆರೆ ಬೇಸಿಗೆ, ಗಾಳಿ ಇಲ್ಲದ ಗೂಡು, ಮೇಲಿಂದ ಬಟ್ಟೆಯ ನೂಲಿನ ಧೂಳು ಫ್ಯಾನಿಗೆ ಹತ್ತಿಯ ಹಾಗೆ ಮೆತ್ಕೊಳತ್ತೆ, ಹಳೇ ಎನ್‌ವಿಆರ್ ಬಿಚ್ಚಿದಾಗ ಒಳಗೆ ಒಂದು ಸಣ್ಣ ದಿಂಬೇ ಸಿಕ್ಕಿತ್ತು. ಹಂಗಂತ ಗಲ್ಲಾ ಹಿಂದೆ ಇಟ್ರೆ ಫ್ಯಾನ್ ಸದ್ದು ದಿನವಿಡೀ ಸಾವ್ಕಾರ್ರ ಕಿವೀಲಿ. ಕೊನೆಗೆ ಮೊದಲನೇ ಫ್ಲೋರ್ ಆಫೀಸ್ ರೂಮು, ಗೋಡೆ ಮೇಲೆ, ಯುಪಿಎಸ್ ಪಕ್ಕ. ತಿಂಗಳಿಗೊಮ್ಮೆ ಬ್ಲೋವರ್ ಹೊಡಿಯೋಕೆ ಹುಡುಗನ್ನ ಗೊತ್ತು ಮಾಡಿದಾರೆ, ಅದೇ ದೀಪಾವಳಿ ಹುಡುಗ, ಈಗ ಯಾವ ಕೇಬಲ್ ಮುಟ್ಟೋಕೂ ಹೆದರ್ತಾನೆ.

ಲಾಗಿನ್ ಪಾಸ್‌ವರ್ಡ್ ಬದಲಾಯಿಸಿ, ಯಾವ ಪೋರ್ಟ್ ಎಲ್ಲಿಗೆ ಅಂತ ಸ್ಟಿಕ್ಕರ್ ಅಂಟಿಸಿ, ಎರಡನ್ನೂ ಒಂದು ಚೀಟೀಲಿ ಬರೆದು ಕೊಟ್ಟೆ. ಸಾವ್ಕಾರ್ರು ಅದನ್ನ ಮಡಚಿ ಲಕ್ಷ್ಮಿ ಫೋಟೋ ಹಿಂದೆ ಸಿಗಿಸಿದ್ರು. ಶುಕ್ರವಾರ ಪೂಜೆಗೆ ಫೋಟೋ ಒರೆಸುವಾಗ ಹುಷಾರು ಅಂತ ನಾನು ಹೇಳ್ದೆ, ಅವರು ಪಂಚೆ ಒಂದು ಕೊಟ್ರು, ಇಸ್ಕೊಂಡು ಬಂದೆ.