ಸ್ತನದ ಆಪರೇಷನ್ ಆದ ಮೇಲೆ "ಇನ್ನು ಬೇಡ" ಅನ್ನುವವರನ್ನು ನಾನು ಕೇಳುವ ಪ್ರಶ್ನೆ

ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರು ಹೊಲಿಗೆ ಬಿಚ್ಚಿಸಲು, ಗಾಯದ ನೀರು ಹೊರಬರಲು ಇಟ್ಟ ನಳಿಕೆ (ಡ್ರೇನ್) ತೆಗೆಸಲು ಮತ್ತೆ ಬರುತ್ತಾರೆ. ಅಷ್ಟೊತ್ತಿಗೆ ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟೂ ಬಂದಿರುತ್ತದೆ. ಡಾಕ್ಟರ್ ಅದನ್ನು ನೋಡಿ ಕೀಮೋ, ರೇಡಿಯೇಷನ್, ಮಾತ್ರೆ ಎಂದು ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಡ್ರೆಸ್ಸಿಂಗ್ ರೂಮಿಗೆ ಬಂದವರಲ್ಲಿ ಎಷ್ಟೋ ಜನ ಹೇಳುವ ಮಾತು ಒಂದೇ: "ಸಾಕು ಸಿಸ್ಟರ್, ಗಡ್ಡೆ ತೆಗೆದಾಯ್ತಲ್ಲ, ಇನ್ನೇನೂ ಬೇಡ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. "ಬೇಡ" ಅಂದ ಕೂಡಲೇ ಬುದ್ಧಿ ಹೇಳಲು ಹೋಗಬಾರದು, ಸರಿ ನಿಮ್ಮಿಷ್ಟ ಎಂದು ಕೈ ತೊಳೆದುಕೊಳ್ಳಲೂ ಬಾರದು. ಯಾವುದು ಬೇಡ ಎಂದು ಕೇಳಬೇಕು. ಯಾರಿಗೆ ಬೇಡ ಎಂದೂ ಕೇಳಬೇಕು.

ಮೊದಲು, ಗಡ್ಡೆ ತೆಗೆದ ಮೇಲೂ ಯಾಕೆ ಇಷ್ಟೆಲ್ಲ ಅನ್ನುವ ವಿಷಯ. ನಮ್ಮ ಕಡೆಯ ರೈತರಿಗೆ ನಾನು ಜೇಕು ಅನ್ನುವ ಕಳೆಯ ಮಾತು ಹೇಳುತ್ತೇನೆ. ಹೊಲದಲ್ಲಿ ಜೇಕು ಕಿತ್ತರೆ ಮೇಲೆ ಎಲ್ಲ ಸ್ವಚ್ಛ ಕಾಣುತ್ತದೆ. ಮಣ್ಣೊಳಗೆ ಒಂದು ಚೂರು ಗಡ್ಡೆ ಉಳಿದಿರಬಹುದು, ಉಳಿಯದೆಯೂ ಇರಬಹುದು, ಕಣ್ಣಿಗಂತೂ ಗೊತ್ತಾಗುವುದಿಲ್ಲ. ಉಳಿದಿರುವ ಸಾಧ್ಯತೆ ಯಾರಿಗೆ ಎಷ್ಟು ಅನ್ನುವುದನ್ನು ಆ ಬಯಾಪ್ಸಿ ರಿಪೋರ್ಟ್ ನೋಡಿ ಅಂದಾಜು ಮಾಡುತ್ತಾರೆ: ಗಡ್ಡೆ ಎಷ್ಟು ಸೆಂಟಿಮೀಟರ್, ಗ್ರೇಡ್ (ಎಷ್ಟು ಚುರುಕಾಗಿ ಬೆಳೆಯುವಂಥದ್ದು) ಎಷ್ಟು, ಕಂಕುಳಿನ ಗಂಟುಗಳಲ್ಲಿ ಎಷ್ಟಕ್ಕೆ ಹರಡಿದೆ, ಇಆರ್ ಮತ್ತು ಪಿಆರ್ ಪಾಸಿಟಿವ್ ಇದೆಯಾ (ಅಂದರೆ ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದ್ದಾ, ಇದಕ್ಕೇ ಹಾರ್ಮೋನ್ ಪಾಸಿಟಿವ್ ಅನ್ನುವುದು), ಗಡ್ಡೆ ಬೆಳೆಸುವ ಹರ್-2 ಅನ್ನುವ ಪ್ರೋಟೀನಿನ ಟೆಸ್ಟ್ ಏನು ಬಂದಿದೆ. ಹರ್-2 "ಎರಡು ಪ್ಲಸ್" ಎಂದು ಬಂದರೆ ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಆಗುವವರೆಗೆ ಅದು ಪಾಸಿಟಿವೋ ನೆಗೆಟಿವೋ ಗೊತ್ತಾಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಏನು ಕೊಟ್ಟರು, ಏನಾಯಿತು ಅನ್ನುವುದು ನಿಮ್ಮ ವಿಷಯದಲ್ಲಿ ಲೆಕ್ಕಕ್ಕೇ ಬರದಿರಬಹುದು. ಕಾಯಿಲೆಯ ಹೆಸರು ಒಂದೇ, ಜಾತಿ ಬೇರೆ.

ಸಕಲೇಶಪುರದ ಕಡೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. ಎಪ್ಪತ್ತು ದಾಟಿದ್ದರು. ಸಣ್ಣ ಗಡ್ಡೆ, ಸ್ತನ ಪೂರ್ತಿ ತೆಗೆಯದೆ ಅಷ್ಟು ಭಾಗ ಮಾತ್ರ ತೆಗೆದಿದ್ದರು. ಕಂಕುಳಿಗೆ ಹರಡಿರಲಿಲ್ಲ, ಹಾರ್ಮೋನ್ ಪಾಸಿಟಿವ್. ಏನು ಕೇಳಿದರೂ ಮಗನೇ ಉತ್ತರ ಕೊಡುತ್ತಿದ್ದರು: "ನಮ್ಮಮ್ಮನಿಗೆ ಎಲ್ಲಾ ಟ್ರೀಟ್‌ಮೆಂಟೂ ಕೊಡಿಸ್ತೀವಿ, ಒಂದೂ ಬಿಡಲ್ಲ." ಅಜ್ಜಿ ಬಟ್ಟೆ ಅಂಗಡಿಯ ಕವರಿನಲ್ಲಿ ರಿಪೋರ್ಟುಗಳನ್ನು ಇಟ್ಟುಕೊಂಡು, ಅದರ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಾ ಕೂತಿದ್ದರು. ಇಂಥ ಹೊತ್ತಿನಲ್ಲಿ ನಾನು ಮಾಡುವ ಒಂದು ಕೆಲಸ ಇದೆ, ಹೊಸದಾಗಿ ಬಂದ ಹುಡುಗಿಯರಿಗೂ ಹೇಳಿಕೊಡುತ್ತೇನೆ. ಮಗನನ್ನು ಕ್ರೇಪ್ ಬ್ಯಾಂಡೇಜ್ ತರಲು ಕೆಳಗೆ ಮೆಡಿಕಲ್ಸಿಗೆ ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ಅಜ್ಜಿ ಮಾತಾಡಿದರು. "ಮಾತ್ರೆ ಆದ್ರೆ ನುಂಗ್ತೀನಿ ಕಣಮ್ಮ. ಕರೆಂಟು ಬ್ಯಾಡ. ಅವ್ನು ಅಂಗಡಿ ಬಾಗ್ಲು ಹಾಕಿ ನನ್ ಕಟ್ಕೊಂಡು ಬೆಂಗ್ಳೂರಲ್ಲಿ ಕೂತ್ಕಬೇಕು."

ನಮ್ಮಲ್ಲಿ ರೇಡಿಯೇಷನ್‌ಗೆ ಕರೆಂಟ್ ಅಂತಲೇ ಹೇಳುವುದು. ನಮ್ಮ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲ, ದೊಡ್ಡ ಊರಿಗೆ ಹೋಗಬೇಕು. ಅಜ್ಜಿ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿದೆ. ಅವರು ಮಗನನ್ನೂ ಕೂರಿಸಿಕೊಂಡು ವಿವರಿಸಿದರು. ಪ್ರೈಮ್-2 ಎಂಬ ಅಧ್ಯಯನ ಇದೆ, ಹತ್ತು ವರ್ಷದ ಫಲಿತಾಂಶ 2023ರಲ್ಲಿ ಬಂದಿತು. 65 ವರ್ಷ ಮೇಲ್ಪಟ್ಟ, ಗಡ್ಡೆ 3 ಸೆಂಟಿಮೀಟರ್ ಒಳಗಿದ್ದ, ಕಂಕುಳಿಗೆ ಹರಡದ, ಹಾರ್ಮೋನ್ ಪಾಸಿಟಿವ್ ಇದ್ದ ಹೆಂಗಸರು ಅದರಲ್ಲಿದ್ದರು. ಎಲ್ಲರೂ ಗಡ್ಡೆ ಮಾತ್ರ ತೆಗೆಸಿ ಹಾರ್ಮೋನ್ ಮಾತ್ರೆಗೆ, ಅಂದರೆ ಹಾರ್ಮೋನನ್ನು ತಡೆಯುವ ಮಾತ್ರೆಗೆ, ಒಪ್ಪಿಕೊಂಡವರು. ರೇಡಿಯೇಷನ್ ತಗೊಳ್ಳದವರಲ್ಲಿ ನೂರಕ್ಕೆ ಒಂಬತ್ತು ಹತ್ತು ಜನರಿಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತು, ತಗೊಂಡವರಲ್ಲಿ ಒಬ್ಬರಿಗೆ. ಆದರೆ ಹತ್ತು ವರ್ಷದ ನಂತರ ಬದುಕಿದ್ದವರ ಸಂಖ್ಯೆ ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 81. ಅಂದರೆ ಅಜ್ಜಿಯ "ಬೇಡ" ಅಂಜಿಕೆಯ ಮಾತು ಮಾತ್ರ ಆಗಿರಲಿಲ್ಲ, ವೈದ್ಯರೂ ಒಪ್ಪುವ ದಾರಿಯೇ ಆಗಿತ್ತು. ಒಂದೇ ಷರತ್ತು, ಮಾತ್ರೆ ಬಿಡುವಂತಿಲ್ಲ. ಮಗ ಸುಮ್ಮನೆ ತಲೆಯಾಡಿಸಿದರು. ಎಲ್ಲವನ್ನೂ ಕೊಡಿಸದಿದ್ದರೆ ಊರಿನವರು ಏನಂದುಕೊಳ್ತಾರೆ ಅನ್ನುವ ಭಾರ ಅವರ ಮೇಲೂ ಇತ್ತಲ್ವಾ.

ಈ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಿದರೆ ಅನಾಹುತ ಆಗುತ್ತದೆ. ಅರಕಲಗೂಡು ಕಡೆಯ ಒಬ್ಬ ಅಕ್ಕ, ನಲವತ್ತರ ಆಸುಪಾಸು. ಕಂಕುಳಿನ ಗಂಟುಗಳಿಗೆ ಹರಡಿತ್ತು, ಹಾರ್ಮೋನ್ ನೆಗೆಟಿವ್, ಹರ್-2 ಪಾಸಿಟಿವ್. ಹಾರ್ಮೋನ್ ಮಾತ್ರೆ ಇಂಥವರಿಗೆ ಕೆಲಸ ಮಾಡುವುದಿಲ್ಲ. ಕೀಮೋ ಮತ್ತು ಮೂರು ವಾರಕ್ಕೊಮ್ಮೆ ಒಂದು ವರ್ಷ ಕೊಡುವ, ಹರ್-2 ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್, ಜೊತೆಗೆ ರೇಡಿಯೇಷನ್, ಇವೇ ಅವರಿಗಿದ್ದ ಬಲ. ಅವರು "ನನಗೆ ಕೀಮೋ ಬೇಡವೇ ಬೇಡ" ಎಂದು ಹಟ ಹಿಡಿದಿದ್ದರು. ವಾಂತಿಗೆ ಹೆದರುತ್ತಿದ್ದಾರೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ನಿಜ ಅದಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. ಊರಲ್ಲಿ "ಗಡ್ಡೆ ಆಪರೇಷನ್" ಎಂದಷ್ಟೇ ಹೇಳಿದ್ದರು. ಕೆಂಪು ಬಣ್ಣದ ಕೀಮೋ ಔಷಧಿ ಕೊಟ್ಟ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ತಲೆ ನೋಡಿದರೆ ಊರಿಗೆಲ್ಲ ಗೊತ್ತಾಗುತ್ತದೆ, "ಆ ಮನೇಲಿ ಕ್ಯಾನ್ಸರ್ ಇದೆ" ಎಂದು ಸಂಬಂಧ ಮುರಿದುಹೋಗುತ್ತದೆ. ಇದನ್ನು ಗಂಡನ ಮುಂದೆಯೂ ಹೇಳಿರಲಿಲ್ಲ.

ಇಂಥ ಭಯಕ್ಕೆ ಅಂಕಿಅಂಶ ಉತ್ತರ ಅಲ್ಲ. ಕೂದಲು ಮತ್ತೆ ಬರುತ್ತದೆ ಎಂದು ಹೇಳಿದೆ, ಕೀಮೋ ಮುಗಿಸಿದ ಇನ್ನೊಬ್ಬರ ಜೊತೆ ಅವರಿಬ್ಬರೂ ಒಪ್ಪಿದ ಮೇಲೆ ಫೋನಿನಲ್ಲಿ ಮಾತಾಡಿಸಿದೆ. ಕೊನೆಗೆ ಅವರೇ ದಾರಿ ಹುಡುಕಿಕೊಂಡರು. ಬೆಂಗಳೂರಿನಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದು ಅಲ್ಲೇ ಕೀಮೋ ತಗೊಂಡರು. ನಾವೆಲ್ಲ ಔಷಧಿಯ ವಿಷಯ ಮಾತಾಡುತ್ತಿದ್ದೆವು, ಅವರಿಗೆ ಬೇಕಿದ್ದದ್ದು ಇರಲು ಒಂದು ಜಾಗ. ಇಲ್ಲಿ ಸಮಯವೂ ಮುಖ್ಯ. ಕೀಮೋ ಬೇಕು ಎಂದಾದರೆ ಆಪರೇಷನ್ ಆಗಿ ಒಂದು, ಒಂದೂವರೆ ತಿಂಗಳಿನೊಳಗೆ ಶುರು ಮಾಡುವುದು ಒಳ್ಳೆಯದು, ಮೂರು ತಿಂಗಳು ದಾಟಿದರೆ ಲಾಭ ಕಡಿಮೆಯಾಗುತ್ತದೆ. "ಹಬ್ಬ ಕಳೀಲಿ, ಆಮೇಲೆ ನೋಡೋಣ" ಅನ್ನುವುದೂ ಒಂದು ನಿರ್ಧಾರವೇ, ಯಾರೂ ಕೂತು ಯೋಚಿಸಿ ಮಾಡದ ನಿರ್ಧಾರ.

ಇನ್ನು ದುಡ್ಡಿನ ವಿಷಯ. ಮನೆ ಮೇಲೆ ಸಾಲ ಆಗುತ್ತದೆ ಎಂದು ಹೆದರಿ, ಅದನ್ನು ಬಾಯಿಬಿಟ್ಟು ಹೇಳಲಾರದೆ "ಬೇಡ" ಅನ್ನುವ ಹೆಂಗಸರು ಬಹಳ. ಇದು ನನಗೆ ಅತ್ಯಂತ ಸಂಕಟ ಕೊಡುವ ಮಾತು. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ಮಾಡಿಸಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ಉಳಿದುಕೊಳ್ಳಲು ಧರ್ಮಶಾಲೆ ಇದೆ. ಮೊದಲೆಲ್ಲ ರೇಡಿಯೇಷನ್ ಅಂದರೆ ಐದಾರು ವಾರ ಅಲ್ಲೇ ಇರಬೇಕಿತ್ತು. ಈಗ ಎಷ್ಟೋ ಜನರಿಗೆ ಮೂರು ವಾರದಲ್ಲಿ, 15 ಸಲ ಕೊಟ್ಟು ಮುಗಿಸುತ್ತಾರೆ. ಇದನ್ನೆಲ್ಲ ತಿಳಿದ ಮೇಲೂ ಬೇಡ ಅಂದರೆ ಅದು ಬೇರೆ, ತಿಳಿಯದೆ ಬೇಡ ಅಂದರೆ ಅದು ಅನ್ಯಾಯ.

ಎಲ್ಲ ತಿಳಿದೇ ಬೇಡ ಅಂದವರೂ ಇದ್ದಾರೆ. ಚಿಕ್ಕಮಗಳೂರಿನ ಒಬ್ಬ ನಿವೃತ್ತ ಟೀಚರ್, ಅರವತ್ತು ದಾಟಿದವರು, ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದರು: "ನನ್ನಂಥ ನೂರು ಜನ ಕೀಮೋ ತಗೊಂಡರೆ, ಕೀಮೋದಿಂದಲೇ ಉಳಿಯುವವರು ಎಷ್ಟು ಜನ?" ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಕೋಣೆಯಲ್ಲಿ ನಾನು ಕೇಳಿಲ್ಲ. ಡಾಕ್ಟರ್ ಕಂಪ್ಯೂಟರಿನಲ್ಲಿ ಪ್ರೆಡಿಕ್ಟ್ ಎಂಬ ಲೆಕ್ಕ ತೆರೆದರು. ಅದು ಇಂಗ್ಲೆಂಡಿನ ರೋಗಿಗಳ ಮಾಹಿತಿಯಿಂದ ಮಾಡಿದ್ದು, ನಮಗೆ ಅಂದಾಜು ಮಾತ್ರ ಎಂದೂ ಹೇಳಿದರು. ಅವರ ವಿಷಯದಲ್ಲಿ ಬಂದ ಉತ್ತರ, ಹತ್ತು ವರ್ಷದಲ್ಲಿ ನೂರಕ್ಕೆ ಇಬ್ಬರು. ಹಾರ್ಮೋನ್ ಮಾತ್ರೆಯ ಲಾಭ ಅದಕ್ಕಿಂತ ಜಾಸ್ತಿ ಇತ್ತು. ಟೀಚರ್ ಒಂದು ವಾರ ಯೋಚಿಸಿ ಬಂದು ರೇಡಿಯೇಷನ್ ಮತ್ತು ಮಾತ್ರೆಗೆ ಹೂಂ ಅಂದರು, ಕೀಮೋ ಬೇಡ ಎಂದು ಬರೆದು ಸಹಿ ಹಾಕಿದರು. ತಂಗಿಯರು ಅತ್ತರು, ಜಗಳವಾಡಿದರು. ಟೀಚರ್ ಕದಲಲಿಲ್ಲ. ಅದೇ ಇಬ್ಬರು ಅನ್ನುವ ಸಂಖ್ಯೆ ಕೇಳಿ "ಇಬ್ಬರಲ್ಲಿ ನಾನೂ ಒಬ್ಬಳಿರಬಹುದಲ್ಲ" ಎಂದು ಕೀಮೋಗೆ ಹೋದವರನ್ನೂ ನೋಡಿದ್ದೇನೆ. ಇಬ್ಬರ ಮೇಲೂ ನನಗೆ ಗೌರವ ಇದೆ.

ಸಹಿ ಯಾರದ್ದು ಅನ್ನುವುದು ಸಣ್ಣ ವಿಷಯ ಅಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಂಗಸಿನ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಾಗ, ವಯಸ್ಸಿಗೆ ಬಂದ ರೋಗಿಯ ಬದಲು ಹೆತ್ತ ತಾಯಿ ಒಪ್ಪಿದರೂ ಅದು ಒಪ್ಪಿಗೆ ಅಲ್ಲ ಎಂದಿತು ಕೋರ್ಟ್. ಬೇಕು ಅನ್ನುವುದಕ್ಕೆ ಈ ಮಾತು ಸಲ್ಲುವುದಾದರೆ ಬೇಡ ಅನ್ನುವುದಕ್ಕೂ ಸಲ್ಲಬೇಕು. ಗಂಡ, ಮಗ, ಅಣ್ಣ ಯಾರೇ ಇರಲಿ, ಪ್ರೀತಿಯಿಂದಲೇ ಮಾತಾಡುತ್ತಾರೆ, ಆದರೆ ಮೈ ಅವರದಲ್ಲ.

ಒಂದನ್ನೋ ಎರಡನ್ನೋ ಬೇಡ ಅಂದವರಿಗೆ ನಾನು ಡ್ರೆಸ್ಸಿಂಗ್ ಮುಗಿಸುವಾಗ ಇಷ್ಟು ಹೇಳಿ ಕಳಿಸುತ್ತೇನೆ. ಹಾರ್ಮೋನ್ ಮಾತ್ರೆ ಇಆರ್ ಪಾಸಿಟಿವ್ ಇರುವವರಿಗೆ ದೊಡ್ಡ ರಕ್ಷಣೆ, ಅದರಲ್ಲಿ ಒಂದಾದ ಟಮಾಕ್ಸಿಫೆನ್ ಐದು ವರ್ಷ ನುಂಗಿದರೆ ಈ ಕಾಯಿಲೆಯಿಂದ ಸಾಯುವ ಸಂಭವ ಮೂರರಲ್ಲಿ ಒಂದು ಪಾಲು ತಗ್ಗುತ್ತದೆ, ಹಾಗಾಗಿ ಮೈ ಬಿಸಿಯಾಯಿತು, ಕೀಲು ನೋಯಿತು ಎಂದು ನೀವೇ ನಿಲ್ಲಿಸಬೇಡಿ, ಬಂದು ಹೇಳಿ, ಬೇರೆ ಮಾತ್ರೆ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದನ್ನೂ ಹೇಳಿ. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಆಪರೇಷನ್ ಆದ ಕಡೆಯ ಕೈಗೆ ವ್ಯಾಯಾಮ ಬಿಡಬೇಡಿ, ಊದಿಕೊಂಡರೆ ತೋರಿಸಿ. ಮೊದಲ ಕೆಲವು ವರ್ಷ ಡಾಕ್ಟರ್ ಹೇಳಿದ ದಿನ ತಪ್ಪದೆ ಚೆಕಪ್‌ಗೆ ಬನ್ನಿ, ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಮಾಡಿಸಿ. ಬೇಡ ಅಂದಿದ್ದೀರಿ ಎಂದು ನಾಚಿಕೊಂಡು ಬರುವುದನ್ನೇ ನಿಲ್ಲಿಸಬೇಡಿ. ಮನಸ್ಸು ಬದಲಾದರೆ ಬೇಗ ಬನ್ನಿ. ನಾನಿಲ್ಲದಿದ್ದರೂ ಇಲ್ಲಿ ಯಾರಾದರೂ ಸಿಸ್ಟರ್ ಇರುತ್ತಾರೆ, ರಿಪೋರ್ಟ್ ಕವರ್ ಮಾತ್ರ ಮರೆಯದೆ ತನ್ನಿ.