ಕಿತ್ತ ಕಾಫಿ ಬೊಡ್ಡೆಯಿಂದ ದೀಪ ಮಾಡಬಹುದಾ?

ತೋಟದಲ್ಲಿ ಹಳೇ ಗಿಡ ಕೀಳಿಸಿದವರೆಲ್ಲ ಕೇಳುವುದು ಇದೇ: "ಬೊಡ್ಡೆ ಒಳ್ಳೇ ಆಕಾರದಲ್ಲಿದೆ, ಹಾಲ್‌ನಲ್ಲಿ ನಿಲ್ಲಿಸೋ ದೀಪ ಮಾಡಬಹುದಾ?" ಮಾಡಬಹುದು. ಆದರೆ ಈ ವರ್ಷ ಕಿತ್ತಿದ್ದು ಈ ವರ್ಷವೇ ದೀಪ ಆಗುವುದಿಲ್ಲ. ಇಂಥ ದೀಪಗಳು ಕೆಡುವುದು ಹೆಚ್ಚಾಗಿ ಮರ ಒಣಗಿಸುವಾಗಲೇ. ವೈರು, ಬಲ್ಬು ಎಲ್ಲ ಆಮೇಲಿನ ಮಾತು.

ಗಿಡ ಯಾಕೆ ಕಿತ್ತಿದ್ದು ಅನ್ನುವುದನ್ನು ಮೊದಲು ನೋಡಿ. ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಜಾತಿಯ ಕಾಫಿ ಗಿಡ ಕೀಳಿಸಲು ಬಿಳಿ ಕಾಂಡಕೊರಕ ಹುಳ ದೊಡ್ಡ ಕಾರಣ. ಕಾಂಡದ ಮೇಲೆ ಉಬ್ಬಿದ ಗೆರೆಗಳಿದ್ದರೆ ಒಳಗೆ ಹುಳ ಇದೆ ಅಂತಲೇ ಲೆಕ್ಕ. ಈ ಹುಳ ನಿಮ್ಮ ತೇಗದ ಸೋಫಾಕ್ಕೆ ಹೋಗುವುದಿಲ್ಲ. ದುಂಬಿಯಾಗಿ ಹೊರಬಂದು ಬದುಕಿರುವ ಅರೇಬಿಕಾ ಗಿಡದ ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಅಂದರೆ ನಷ್ಟ ಪಕ್ಕದ ತೋಟಕ್ಕೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅದರ ಹಾರಾಟದ ಕಾಲ. ಅದಕ್ಕೆ ಮುಂಚೆಯೇ ಬೊಡ್ಡೆಯನ್ನು 10 ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ತೇಲದಂತೆ ಮೇಲೆ ಕಲ್ಲು ಹೇರಿ. ಆಮೇಲೆ ತೊಗಟೆ ಸುಲಿಯಿರಿ. ಒಳಗಿನ ಸುರಂಗಗಳ ಗೀರು ಕೆಲವರಿಗೆ ಅಂದವಾಗಿ ಕಾಣುತ್ತದೆ, ಸರಿಯೇ. ಆದರೆ ಉಗುರು ಒತ್ತಿದರೆ ಮರ ಒಳಗೆ ಹೋಗುವಂತಿದ್ದರೆ ಅದು ಒಲೆಗೇ ಲಾಯಕ್ಕು.

ಎತ್ತರವೂ ಒಂದು ತೊಡಕು. ಟಾಪಿಂಗ್ ಮಾಡಿದ, ಅಂದರೆ ಎತ್ತರ ಬೆಳೆಯದಂತೆ ತಲೆ ಕತ್ತರಿಸಿದ ಅರೇಬಿಕಾದಲ್ಲಿ ನೇರ ಕಾಂಡ ಎರಡೂವರೆ ಅಡಿಯಿಂದ ನಾಲ್ಕಡಿ, ಅಷ್ಟೆ. ಐದಡಿ ಬೇಕಿದ್ದರೆ ಕಂಬಚಿಗುರು (ಕಾಂಡದಿಂದ ನೇರ ಮೇಲಕ್ಕೆ ಏಳುವ ಚಿಗುರು) ಬಲಿತು ಮೇಲೆದ್ದ, ಪಾಳು ಬಿಟ್ಟ ತೋಟದ ಗಿಡ ಹುಡುಕಿ.

ಇನ್ನು ಒಣಗಿಸುವುದು. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬಿಸಿಲಿಗೆ ಹಾಕಿದರೆ ಹೊರಗೆ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ, ಮರ ಸೀಳುತ್ತದೆ. ತೊಗಟೆ ಸುಲಿದು ಅಳತೆಗೆ ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಹಚ್ಚಿ, ಗಾಳಿ ಆಡುವ ನೆರಳಿನಲ್ಲಿ ರೀಪರಿನ ಮೇಲೆ ಇಡಿ. 15 ದಿನಕ್ಕೊಮ್ಮೆ ತೂಗಿ ಬರೆದಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೂಕ ಇಳಿಯದಿದ್ದರೆ ಗಾಬರಿ ಬೇಡ, ಮಲೆನಾಡಿನ ಗಾಳಿಯೇ ಒದ್ದೆ. ಮಳೆ ಕಳೆದ ಮೇಲೆ ಬೇಸಿಗೆಯಲ್ಲಿ ಮೂರು ಸಲ ಒಂದೇ ತೂಕ ಬಂದರೆ ಕೆಲಸಕ್ಕೆ ಇಳಿಯಬಹುದು.

ಎಷ್ಟೇ ಜೋಪಾನ ಮಾಡಿದರೂ ಗುಂಡು ಮರ ಎಲ್ಲಾದರೂ ಬಿರಿಯುತ್ತದೆ. ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದೇ ಹೆಚ್ಚು, ಅದಕ್ಕೆ. ಹಾಗಾಗಿ ಬಿರುಕು ಎಲ್ಲಿ ಬರಬೇಕೆಂದು ನಾವೇ ತೀರ್ಮಾನಿಸಿಬಿಡುವುದು ವಾಸಿ. ಒಣಗಲು ಇಡುವ ಮುನ್ನ ಬೆನ್ನಿನ ಕಡೆ, ಉದ್ದಕ್ಕೂ, ತಿರುಳು ಮುಟ್ಟುವಷ್ಟು ಆಳಕ್ಕೆ ಒಂದು ಗರಗಸದ ಸೀಳು ಹಾಕಿ. ಅದು ತಾನೇ ಅಗಲವಾಗುತ್ತಾ ಹೋಗುತ್ತದೆ, ಮುಂಭಾಗ ಬಹುಮಟ್ಟಿಗೆ ಬಿರಿಯದೆ ಉಳಿಯುತ್ತದೆ. ಒಣಗಿದ ಮೇಲೆ ಅದೇ ಸೀಳಿನ ಹೊರಬಾಯಿಯನ್ನು 10 ಮಿ.ಮೀ. ಅಗಲ, 12 ಮಿ.ಮೀ. ಆಳ ಮಾಡಿಕೊಂಡರೆ ವೈರಿಗೆ ದಾರಿ ಸಿಕ್ಕಿತು. ಡೊಂಕು ಕಾಂಡದೊಳಗೆ ಉದ್ದಕ್ಕೆ ಡ್ರಿಲ್ ಮಾಡಲು ಹೋಗಿ ಪಕ್ಕಕ್ಕೆ ತೂತು ಹೊಡೆಯುವ ಕಷ್ಟವೇ ಇಲ್ಲ. ಮೇಲೆ ಮುಚ್ಚುವ ಪಟ್ಟಿಗೆ ಒಂದೇ ಅಂಚಿಗೆ ಅಂಟು ಹಾಕಿ. ಎರಡೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಮರ ಉಬ್ಬಿ ಪಟ್ಟಿ ಮೇಲೇಳುತ್ತದೆ.

ವೈರು 0.75 ಚದರ ಮಿ.ಮೀ.ನ ಮೂರು ಕೋರ್. ಹೋಲ್ಡರ್ ಹಿತ್ತಾಳೆಯದಾದರೆ ಅರ್ತ್ ಕೊಡಲೇಬೇಕು, ಎರಡು ಪಿನ್ ಪ್ಲಗ್ ಸಾಕು ಅನ್ನುವ ಎಲೆಕ್ಟ್ರಿಷಿಯನ್ ಮಾತು ಕೇಳಬೇಡಿ. ಸೀಳಿನೊಳಗೆ ವೈರಿಗೆ ಮೊಳೆ ಹೊಡೆಯಬಾರದು. ಬುಡದಲ್ಲಿ ಕ್ಲಾಂಪ್ ಇರಲಿ, ಯಾರಾದರೂ ಕಾಲು ತಗುಲಿಸಿ ಎಳೆದರೂ ಹೋಲ್ಡರ್‌ಗೆ ಜಗ್ಗಬಾರದು. ಬಲ್ಬು 9 ವ್ಯಾಟ್ ಎಲ್‌ಇಡಿ, 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕು. ಬಿಳಿ ಬೆಳಕಿನಲ್ಲಿ ಕಾಫಿ ಮರ ಬೂದಿ ಬಡಿದಂತೆ ಕಾಣುತ್ತದೆ.

ಶೇಡಿಗೆ ಅಡಿಕೆ ಹಾಳೆ ಚಂದವೇ, ಆದರೆ ಆಷಾಢದಲ್ಲಿ ಬೂಸ್ಟು ಹಿಡಿಯುತ್ತದೆ. ಕೈಕಾಗದವೇ ಮೇಲು.

ಕೊನೆಗೆ ಬುಡ. ಬೇರನ್ನೇ ಪಾದ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಬೇರು, ಕಾಂಡ ಒಂದೇ ಸಮನಾಗಿ ಒಣಗುವುದಿಲ್ಲ, ಆರು ತಿಂಗಳಿಗೆ ಕುಂಟುತ್ತದೆ. 35 ಸೆಂ.ಮೀ. ವ್ಯಾಸ, 4 ಸೆಂ.ಮೀ. ದಪ್ಪದ ಗ್ರಾನೈಟ್ ಬಿಲ್ಲೆ ಹಾಕಿ, 10 ಕೆಜಿ ಚಿಲ್ಲರೆ ತೂಗುತ್ತದೆ. ಶೇಡಿನ ನಡುವಿನಿಂದ ತೂಗುಗುಂಡು (ದಾರಕ್ಕೆ ಕಟ್ಟಿದ ಭಾರ) ಇಳಿಬಿಟ್ಟರೆ ಅದು ಬಿಲ್ಲೆಯ ಅಂಚಿಗಿಂತ ನಾಲ್ಕು ಬೆರಳು ಒಳಗೇ ನಿಲ್ಲಬೇಕು. ತುದಿಯನ್ನು ಒಂದು ಗೇಣು ಪಕ್ಕಕ್ಕೆ ತಳ್ಳಿ ಕೈ ಬಿಟ್ಟಾಗ ತಾನಾಗಿ ವಾಪಸ್ ನಿಲ್ಲದಿದ್ದರೆ ಇನ್ನೊಂದು ಬಿಲ್ಲೆ ಸೇರಿಸಿ.