ಮಿತಿ 200 ಅಂತ ಬರೆದಿದ್ದೆ

ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ‘ಮಿತಿ 200’ ಅಂತ ಇದೆ. ಅದರ ಮೇಲೊಂದು ಗೆರೆ. ಪಕ್ಕದಲ್ಲಿ 300. ಅದಕ್ಕೂ ಗೆರೆ. ಕೆಳಗೆ ಬೇರೆ ಪೆನ್ನಿನಲ್ಲಿ 450. ಅದಕ್ಕೆ ಗೆರೆ ಎಳೆಯುವ ತಾಳ್ಮೆಯೂ ಉಳಿದಿರಲಿಲ್ಲ, ಸುಮ್ನೆ ದಾಟಿಕೊಂಡು ಹೋದೆ. ಒಂದು ಜಾಹೀರಾತು ಕ್ಯಾಂಪೇನಿನ ಖರ್ಚಿಗೆ ನಾನು ಇಟ್ಟುಕೊಂಡಿದ್ದ ಮಿತಿ ಅದು. ಕ್ಯಾಂಪೇನ್ ನಿಲ್ಲಿಸಿದ್ದು 480ಕ್ಕೆ.

ವಿಷಯ ಏನಂದ್ರೆ, ಫೋಟೋ ಎಡಿಟ್ ಮಾಡುವ ಒಂದು ಸಾಫ್ಟ್‌ವೇರ್. ಹೆಸರು ಬೇಡ. ನನ್ನ ಅಫಿಲಿಯೇಟ್ ಲಿಂಕಿನಿಂದ ಹೋದವರು ಕೊಂಡರೆ ಒಂದು ಮಾರಾಟಕ್ಕೆ 40 ಕಮಿಷನ್. ಜಾಹೀರಾತಿನ ಒಂದು ಕ್ಲಿಕ್ಕಿಗೆ ನನ್ನ ಜೇಬಿನಿಂದ ಹೋಗುತ್ತಿದ್ದದ್ದು ಸುಮಾರು ಅರ್ಧ, 0.50. ಯಾವ ಕರೆನ್ಸಿ ಬೇಕಾದರೂ ಇಟ್ಟುಕೊಳ್ಳಿ, ಲೆಕ್ಕ ಅದೇ. 40ನ್ನು 0.50ರಿಂದ ಭಾಗಿಸಿದರೆ 80. ಅಂದರೆ 80 ಕ್ಲಿಕ್ಕಿಗೆ ಒಂದು ಮಾರಾಟ ಆದರೆ ಹಾಕಿದ ದುಡ್ಡು ವಾಪಸ್, ಲಾಭವೂ ಇಲ್ಲ ನಷ್ಟವೂ ಇಲ್ಲ. ಶುರು ಮಾಡುವ ಮುಂಚೆ ಗೊತ್ತಿರಬೇಕಾದ ಸಂಖ್ಯೆ ಇದೊಂದೇ. ಇದು ಗೊತ್ತಿಲ್ಲದೆ ಕ್ಯಾಂಪೇನ್ ಓಡಿಸುವವರನ್ನು ತುಂಬಾ ಜನರನ್ನು ನೋಡಿದ್ದೇನೆ. ಮೊದಲ ವರ್ಷ ನಾನೂ ಅದೇ ಗುಂಪಿನಲ್ಲಿದ್ದೆ.

ಮೊದಲ ದಿನ 20 ಖರ್ಚು, 40 ಕ್ಲಿಕ್, ಎರಡು ಮಾರಾಟ. ಕಮಿಷನ್ 80. ಹಾಕಿದ್ದರ ನಾಲ್ಕರಷ್ಟು! ಅವತ್ತು ರಾತ್ರಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ. ಬಜೆಟ್ ಎಷ್ಟಕ್ಕೆ ಏರಿಸಬೇಕು, ಮುಂದೆ ಯಾವ ಸಾಫ್ಟ್‌ವೇರ್ ಹಿಡಿಯಬೇಕು ಅಂತೆಲ್ಲ ಪ್ಲಾನ್ ಆಯ್ತು. ಕ್ಯಾಂಪೇನ್ ಹಾಳು ಮಾಡಿದ್ದು ಆ ದಿನವೇ ಅಂತ ಈಗ ಅನ್ನಿಸುತ್ತದೆ. ಮೊದಲ ದಿನ ಸೊನ್ನೆ ಬಂದಿದ್ದರೆ ನಾನು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಆಮೇಲೆ ಹನ್ನೊಂದು ದಿನ. 920 ಕ್ಲಿಕ್ಕಿಗೆ ಮೂರೇ ಮಾರಾಟ.

ಪ್ರತಿ ಸಲ ಮಿತಿ ಹತ್ತಿರ ಬಂದಾಗಲೂ ಮೊದಲ ದಿನದ ಆ ಎರಡು ಕಣ್ಣ ಮುಂದೆ ಬರುತ್ತಿತ್ತು. ‘ಅವತ್ತು ಆಗಿತ್ತಲ್ವಾ, ಮತ್ತೆ ಯಾಕೆ ಆಗಬಾರದು?’ ಅಂತ. ಬೆಳಿಗ್ಗೆ ಎದ್ದ ತಕ್ಷಣ ಜಾಹೀರಾತಿನ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್, ಊಟಕ್ಕೆ ಕೂತಾಗ ಡ್ಯಾಶ್‌ಬೋರ್ಡ್, ಮಲಗಿ ದೀಪ ಆರಿಸಿದ ಮೇಲೂ ಫೋನ್ ಮುಖದ ಮೇಲೆ ಹಿಡಿದುಕೊಂಡು ಬೆರಳಲ್ಲಿ ಕೆಳಗೆ ಎಳೆದು ಬಿಟ್ಟು ರಿಫ್ರೆಶ್ ಮಾಡೋದು. ಆ ಸಣ್ಣ ಚಕ್ರ ತಿರುಗಿ ನಿಂತಾಗ ಖರ್ಚಿನ ಸಂಖ್ಯೆ ಮಾತ್ರ ಬದಲಾಗಿರುತ್ತಿತ್ತು.

ಈಗ ಆ ಪುಟ ತೆಗೆದು ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. 200 ಖರ್ಚಾದಾಗ ನಾನು ಮುಂದುವರಿಸಿದ್ದು ದಡ್ಡತನ ಆಗಿರಲಿಲ್ಲ. 400 ಕ್ಲಿಕ್ಕಿಗೆ 5 ಮಾರಾಟ ಬೇಕಿತ್ತು, ಬಂದಿದ್ದು 3. ನಿಜಕ್ಕೂ ಹಾಕಿದ ಖರ್ಚನ್ನು ವಾಪಸ್ ತರುವ ಕ್ಯಾಂಪೇನ್ ಆದರೂ ಬರೀ ಅದೃಷ್ಟ ಕೆಟ್ಟು 3 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ 100ಕ್ಕೆ ಸುಮಾರು 26. 300ರಲ್ಲಿ 7.5 ಬೇಕಿತ್ತು, ಇದ್ದದ್ದು 4. ಸಾಧ್ಯತೆ 13ಕ್ಕೆ ಇಳಿಯಿತು. 480ರಲ್ಲಿ 12 ಬೇಕಿತ್ತು, ಇದ್ದದ್ದು 5. ಈಗ 100ಕ್ಕೆ 2. ಅಂದರೆ 200ರಲ್ಲಿ ಅನುಮಾನ, 300ರಲ್ಲಿ ಗಟ್ಟಿ ಅನುಮಾನ, 480ರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ನನ್ನ ತಪ್ಪು ಮಿತಿ ದಾಟಿದ್ದಲ್ಲ. ಯಾವ ಕಾರಣಕ್ಕೆ ದಾಟುತ್ತಿದ್ದೇನೆ ಅಂತ ಒಂದು ಸಲವೂ ಬರೆದಿಡಲಿಲ್ಲ, ಅದು. 200ರ ಪಕ್ಕದಲ್ಲಿ ‘ಇನ್ನೂ 200 ಕ್ಲಿಕ್ ಕೊಡುತ್ತೇನೆ, ಅದರಲ್ಲಿ ಮೂರು ಬರದಿದ್ದರೆ ಸಾಕು’ ಅಂತ ಒಂದು ಸಾಲು ಇದ್ದಿದ್ದರೆ 300ರಲ್ಲೇ ಎದ್ದು ಬರುತ್ತಿದ್ದೆ.

ಉಲ್ಟಾ ತಪ್ಪನ್ನೂ ಮಾಡಿದ್ದೇನೆ. ಹಿಂದೊಮ್ಮೆ ಒಂದು ಆಫರ್‌ನಲ್ಲಿ (ಕಮಿಷನ್ನಿಗೆ ಮಾರಿಸಿಕೊಡುವ ಸರಕಿಗೆ ನಾವು ಹೇಳೋದು ಹಾಗೆ) ಒಂದು ಕಮಿಷನ್‌ನಷ್ಟು ದುಡ್ಡು ಹೋಯ್ತು, ಮಾರಾಟ ಸೊನ್ನೆ, ಅಷ್ಟಕ್ಕೇ ಮುಚ್ಚಿಬಿಟ್ಟೆ. ಆಗ ಅದೇ ಶಿಸ್ತು ಅಂದುಕೊಂಡಿದ್ದೆ. ಲೆಕ್ಕ ಬೇರೆ ಹೇಳುತ್ತದೆ. ಹಾಕಿದ ಖರ್ಚನ್ನು ಸರಿಯಾಗಿ ವಾಪಸ್ ತರುವ ಕ್ಯಾಂಪೇನ್ ಕೂಡ ಮೊದಲ ಒಂದು ಕಮಿಷನ್‌ನಷ್ಟು ಖರ್ಚಿನಲ್ಲಿ ಸೊನ್ನೆ ತೋರಿಸುವ ಸಾಧ್ಯತೆ 100ಕ್ಕೆ ಸುಮಾರು 37. ಮೂರಕ್ಕೆ ಒಂದಕ್ಕಿಂತ ಜಾಸ್ತಿ. ಎರಡು ಕಮಿಷನ್‌ನಷ್ಟು ಹೋದ ಮೇಲೂ ಸೊನ್ನೆ ಅಂದರೆ ಸುಮಾರು 13 ಅಥವಾ 14. ಮೂರು ಕಮಿಷನ್‌ನಷ್ಟು ಹೋದರೆ 5. ಹಾಗಾಗಿ ಒಂದೂ ಮಾರಾಟ ಆಗದ ಕ್ಯಾಂಪೇನಿಗೆ ನಾನು ಕೊಡೋದು ಮೂರು ಕಮಿಷನ್‌ನಷ್ಟು ಹಣ, ಅಷ್ಟೇ. ಮೇಲಿನ ಉದಾಹರಣೆಯಲ್ಲಾದರೆ 120. ಅಷ್ಟು ಕಳೆದುಕೊಳ್ಳುವ ತಾಕತ್ತು ಇಲ್ಲದಿದ್ದರೆ ಆ ಆಫರ್ ಮುಟ್ಟೋದೇ ಇಲ್ಲ. ದೊಡ್ಡ ಕಮಿಷನ್ ನೋಡಿ ಆಸೆಪಡುವಾಗ ಇದನ್ನು ಎಲ್ಲರೂ ಮರೆಯುತ್ತಾರೆ: ಕಮಿಷನ್ ದೊಡ್ಡದಾದಷ್ಟೂ ಅದು ಸರಿಯಿಲ್ಲ ಅಂತ ತಿಳಿದುಕೊಳ್ಳುವ ಖರ್ಚೂ ದೊಡ್ಡದು.

ಸೊನ್ನೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಪೈಪನ್ನು, ನೀರನ್ನಲ್ಲ. ಒಂದು ಸಲ ಎರಡು ದಿನ ಒಂದೂ ಕ್ಲಿಕ್ ಮುಂದಕ್ಕೆ ಹೋಗಲಿಲ್ಲ. ಜಾಹೀರಾತು ಒತ್ತಿದ ಜನ ಮೊದಲು ತಲುಪುವ ನನ್ನ ಲ್ಯಾಂಡಿಂಗ್ ಪೇಜಿಗೆ ಬರುತ್ತಿದ್ದಾರೆ, ಅಲ್ಲಿಂದ ಕಂಪನಿಯ ಪೇಜಿಗೆ ಯಾರೂ ಹೋಗುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲ ಸರಿ. ಕೊನೆಗೆ ಒಂದು ಹಳೆಯ ಸಣ್ಣ ಫೋನಿನಲ್ಲಿ ಪೇಜ್ ತೆರೆದೆ. ಕುಕೀಗೆ ಅನುಮತಿ ಕೇಳುವ ಪಟ್ಟಿ ಸರಿಯಾಗಿ ಬಟನ್ ಮೇಲೆ ಬಂದು ಕೂತಿತ್ತು. ಅದನ್ನು ಮುಚ್ಚುವ ಗುರುತು ಸ್ಕ್ರೀನಿನ ಆಚೆ. ಬಂದವರಲ್ಲಿ ಹೆಚ್ಚಿನವರು ಫೋನಿನವರೇ. ಪಾಪ, ಒತ್ತಬೇಕು ಅಂದರೂ ಒತ್ತಲು ಜಾಗ ಇರಲಿಲ್ಲ. ಅದನ್ನು ಕ್ಯಾಂಪೇನ್ ಸೋತಿತು ಅನ್ನೋಕ್ಕಾಗುತ್ತಾ?

ಟ್ರ್ಯಾಕಿಂಗ್ ಕಥೆಯೂ ಹಾಗೇ. ಆಪಲ್ 2021ರ ಏಪ್ರಿಲ್‌ನಲ್ಲಿ ಐಫೋನಿಗೆ ಐಒಎಸ್ 14.5 ತಂದ ಮೇಲೆ ಆ್ಯಪ್‌ಗಳು ಬಳಕೆದಾರನ ಜಾಡು ಹಿಡಿಯೋಕೆ ಅವನ ಅನುಮತಿ ಕೇಳಬೇಕು, ತುಂಬಾ ಜನ ಬೇಡ ಅಂತಾರೆ. ಹಾಗಾಗಿ ಜಾಹೀರಾತಿನ ಡ್ಯಾಶ್‌ಬೋರ್ಡ್ ತೋರಿಸುವ ಮಾರಾಟಕ್ಕೂ ಕಂಪನಿಗೂ ನನಗೂ ನಡುವೆ ಮಾರಾಟದ ಲೆಕ್ಕ ಇಡುವ ಅಫಿಲಿಯೇಟ್ ನೆಟ್‌ವರ್ಕ್ ತೋರಿಸುವ ಮಾರಾಟಕ್ಕೂ ತಾಳೆ ಆಗೋದು ಅಪರೂಪ. ನನಗೆ ದುಡ್ಡು ಕೊಡೋದು ನೆಟ್‌ವರ್ಕ್, ಆದ್ದರಿಂದ ತೀರ್ಮಾನ ಅದರ ಸಂಖ್ಯೆ ಮೇಲೆ. ಯಾವ ಜಾಹೀರಾತಿನಿಂದ ಯಾವ ಮಾರಾಟ ಅಂತ ತಿಳಿಯೋಕೆ ಲಿಂಕಿನಲ್ಲಿ ಸಬ್-ಐಡಿ, ಅಂದರೆ ಪ್ರತಿ ಜಾಹೀರಾತಿಗೂ ಬೇರೆ ಬೇರೆ ಗುರುತು ಹಾಕಿ. ಇಲ್ಲದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿಸಿದ ಹಾಗೆ.

ದುಡ್ಡು ಎಲ್ಲಿಗೆ ಹೋಯ್ತು ಅಂತಲೂ ನೋಡಬೇಕು. ಡಿಸ್‌ಪ್ಲೇ ಜಾಹೀರಾತಾದರೆ ಯಾವ ಸೈಟು, ಯಾವ ಆ್ಯಪ್‌ನಲ್ಲಿ ತೋರಿಸಿದರು ಅನ್ನುವ ವರದಿ ಸಿಗುತ್ತದೆ. ನನ್ನ ಇನ್ನೊಂದು ಕ್ಯಾಂಪೇನಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಮೊಬೈಲ್ ಗೇಮ್‌ಗಳಲ್ಲಿ ಹೋಗಿತ್ತು. ಬಂದವರು ಪೇಜಿನಲ್ಲಿ ಒಂದೆರಡು ಸೆಕೆಂಡು ಇದ್ದು ವಾಪಸ್. ಬೆರಳು ತಪ್ಪಿ ಬಿದ್ದ ಕ್ಲಿಕ್ಕುಗಳು, ಅಷ್ಟೇ. ಅದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಕೆಲಸ. ಗೇಮ್‌ಗಳನ್ನು ತೆಗೆದುಹಾಕಿದೆ, ಅದೇ ಕ್ಯಾಂಪೇನ್ ಲಾಭಕ್ಕೆ ತಿರುಗಿತು. ಆದರೆ ಇಲ್ಲಿ ಹುಷಾರು. ಇದೇ ರೀತಿ ವಯಸ್ಸು, ಸಮಯ, ವಾರ, ಫೋನಿನ ಮಾಡೆಲ್ ಅಂತ ಕತ್ತರಿಸುತ್ತಾ ಹೋದರೆ ಎಲ್ಲೋ ಒಂದು ಚೂರು ಲಾಭದ್ದು ಸಿಕ್ಕೇ ಸಿಗುತ್ತದೆ. ‘ಮಂಗಳವಾರ ಸಂಜೆ ಟ್ಯಾಬ್ಲೆಟ್‌ನಲ್ಲಿ ನೋಡುವವರು ಕೊಳ್ಳುತ್ತಾರೆ’ ಅಂತ ಒಂದು ಸಲ ನಾನೂ ಕಂಡುಹಿಡಿದಿದ್ದೆ. ಒಟ್ಟು 11 ಕ್ಲಿಕ್, ಒಂದು ಮಾರಾಟ! ಗೇಮ್ ವಿಷಯ ಬೇರೆ, ಅಲ್ಲಿ ಜನ ಯಾಕೆ ಕೊಳ್ಳುತ್ತಿಲ್ಲ ಅನ್ನೋದಕ್ಕೆ ಕಾರಣ ಇತ್ತು. ಕಾರಣ ಹೇಳೋಕಾಗದ ಚೂರನ್ನು ನಾನು ನಂಬೋದಿಲ್ಲ.

ಸೋತವರೆಲ್ಲ ಹೇಳುವ ಇನ್ನೊಂದು ಮಾತು, ‘ಇನ್ನೂ ಲರ್ನಿಂಗ್ ಫೇಸ್‌ನಲ್ಲಿದೆ’, ಅಂದರೆ ಯಾರಿಗೆ ತೋರಿಸಬೇಕು ಅಂತ ಜಾಹೀರಾತಿನ ಸಿಸ್ಟಮ್ ಇನ್ನೂ ಕಲಿಯುತ್ತಿದೆ ಅಂತ. ನಾನೂ ಹೇಳಿದ್ದೇನೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಕೆ ಇದಕ್ಕಿಂತ ಒಳ್ಳೆ ನೆಪ ಬೇರೆ ಇಲ್ಲ. ಫೇಸ್‌ಬುಕ್ ನಡೆಸುವ ಮೆಟಾ ಹೇಳೋ ಪ್ರಕಾರ ಒಂದು ಆ್ಯಡ್ ಸೆಟ್‌ಗೆ (ಒಂದೇ ಗುರಿಯ ಜಾಹೀರಾತುಗಳ ಗುಂಪು) ಏಳು ದಿನದಲ್ಲಿ ಸುಮಾರು 50 ಫಲಿತಾಂಶ ಬಂದರೆ ಅದು ಆ ಹಂತ ದಾಟುತ್ತದೆ, ಮಧ್ಯೆ ದೊಡ್ಡ ಬದಲಾವಣೆ ಮಾಡಿದರೆ ಮತ್ತೆ ಮೊದಲಿಂದ. ಸರಿ, ಕೂತು ಲೆಕ್ಕ ಹಾಕಿ. ಮಾರಾಟವನ್ನೇ ಗುರಿ ಇಟ್ಟು, ಒಂದು ಮಾರಾಟಕ್ಕೆ 40 ಖರ್ಚಾದರೆ ವಾರಕ್ಕೆ 2000 ಬೇಕು. ನನ್ನ ಬಜೆಟ್ ದಿನಕ್ಕೆ 40. ಆ ಬಜೆಟ್ಟಿನಲ್ಲಿ ಅದು ಎಂದೆಂದಿಗೂ ಕಲಿಯುತ್ತಲೇ ಇರುತ್ತದೆ. ಅದಕ್ಕೆ ಕೆಲವರು ಮಾರಾಟದ ಬದಲು ಬಟನ್ ಕ್ಲಿಕ್ಕನ್ನೇ ಗುರಿ ಇಡುತ್ತಾರೆ, ಆಗ 50 ಬೇಗ ಸಿಗುತ್ತದೆ ನಿಜ, ಆದರೆ ಸಿಸ್ಟಮ್ ಬಟನ್ ಒತ್ತುವವರನ್ನೇ ಹುಡುಕಿ ತಂದು ಕೊಡುತ್ತದೆ, ಕೊಳ್ಳುವವರನ್ನಲ್ಲ.

ಇಷ್ಟೆಲ್ಲ ನೋಡಿಯೂ ನಷ್ಟದಲ್ಲೇ ಇದ್ದರೆ? ನನಗೆ ನಿಜವಾಗಿ ಸಹಾಯ ಮಾಡಿದ್ದು ಇಲ್ಲಿಂದ ಮುಂದಿನ ಲೆಕ್ಕ. ಹಿಂದೆ ಎಷ್ಟು ಹೋಯ್ತು ಅನ್ನೋದನ್ನು ಪಕ್ಕಕ್ಕಿಟ್ಟು, ಅಂತರ ಎಷ್ಟಿದೆ ಅಂತ ಮಾತ್ರ ನೋಡೋದು. ನನ್ನ ಕ್ಯಾಂಪೇನಿನಲ್ಲಿ 480 ಹಾಕಿ 200 ಬಂದಿತ್ತು. ಅಂತರ 2.4 ಪಟ್ಟು. ಇದನ್ನು ತುಂಬೋಕೆ ನನ್ನ ಕೈಯಲ್ಲಿ ಏನಿದೆ? ಬಿಡ್, ಅಂದರೆ ಜಾಹೀರಾತಿಗೆ ನಾನು ಕೂಗುವ ಬೆಲೆ, ಇಳಿಸಿ ಕ್ಲಿಕ್ಕನ್ನು 0.50ರಿಂದ 0.35ಕ್ಕೆ ತರಬಹುದು ಅಂದುಕೊಳ್ಳೋಣ, ಅದು 1.43 ಪಟ್ಟು. ಲ್ಯಾಂಡಿಂಗ್ ಪೇಜ್ ತಿದ್ದಿ 30% ಜಾಸ್ತಿ ಜನರನ್ನು ಮುಂದೆ ಕಳಿಸಬಹುದು, 1.3 ಪಟ್ಟು. ಅಫಿಲಿಯೇಟ್ ಮ್ಯಾನೇಜರ್ ಹತ್ತಿರ ಮಾತಾಡಿ ಕಮಿಷನ್ 20% ಏರಿಸಿಕೊಳ್ಳಬಹುದು, 1.2. ಮೂರನ್ನೂ ಗುಣಿಸಿದರೆ 2.23. ಮೂರೂ ನಾನು ಕನಸು ಕಂಡ ಹಾಗೇ ಆದರೂ ನಷ್ಟವೇ! ಅದೂ ಬರೀ ಐದು ಮಾರಾಟ ಮಾಡಿದವನಿಗೆ ಯಾರು ಕಮಿಷನ್ ಏರಿಸುತ್ತಾರೆ ಹೇಳಿ.

ಇದನ್ನು ಆ ಪುಟದ ಕೆಳಗೆ ಬರೆದ ಮೇಲೆಯೇ ಕೈ ಬಿಟ್ಟದ್ದು. ಅಂತರ 1.2 ಅಥವಾ 1.3 ಪಟ್ಟು ಇದ್ದಿದ್ದರೆ ನಾನು ಇನ್ನೂ ದುಡ್ಡು ಹಾಕುತ್ತಿದ್ದೆ, ಅದನ್ನು ಹೇಳೋಕೆ ನಾಚಿಕೆಯಿಲ್ಲ. ಅಂತಹ ನಷ್ಟ ಒಂದು ಒಳ್ಳೆ ಹೆಡ್‌ಲೈನಿನಿಂದ ತಿರುಗುತ್ತದೆ. ಅಂತರ ಎರಡು ಪಟ್ಟು ದಾಟಿದರೆ ಆಫರ್ರೋ ನೋಡುವ ಜನರೋ ತಪ್ಪು, ಬಣ್ಣ ಬಳಿದು ಉಪಯೋಗವಿಲ್ಲ. ನನ್ನದರಲ್ಲಿ 960 ಜನರಲ್ಲಿ 310 ಜನ ಕಂಪನಿಯ ಪೇಜಿನವರೆಗೆ ಹೋಗಿದ್ದರು. ಮೂರಕ್ಕೆ ಒಬ್ಬರು, ಪರವಾಗಿಲ್ಲ. ಅಲ್ಲಿ ಕೊಂಡವರು ಐದೇ. ಆ ಪೇಜ್ ನನ್ನದಲ್ಲ, ಅದರಲ್ಲಿ ಒಂದು ಅಕ್ಷರ ಬದಲಿಸೋಕೂ ನನಗೆ ಆಗೋದಿಲ್ಲ.

ಹೋಗಲಿ, ಅದೇ ಜನರನ್ನು ಅದೇ ರೀತಿಯ ಬೇರೆ ಸಾಫ್ಟ್‌ವೇರ್ ಕಡೆ ಕಳಿಸಿ ನೋಡಬೇಕಿತ್ತು. ಕ್ಲಿಕ್ಕುಗಳನ್ನು ಎರಡು ಆಫರ್‌ಗೆ ಅರ್ಧರ್ಧ ಹಂಚಿದ್ದರೆ ತಪ್ಪು ಆಫರ್‌ನದ್ದೋ ಜನರದ್ದೋ ಗೊತ್ತಾಗುತ್ತಿತ್ತು. ಅದನ್ನು ಯೋಚಿಸಿದ್ದು ದುಡ್ಡು ಮುಗಿದ ಮೇಲೆ.

ಮಿತಿ ಇಡುವವರಿಗೆ ಒಂದು ಸಣ್ಣ ವಿಷಯ. ಗೂಗಲ್ ಆ್ಯಡ್ಸ್‌ನಲ್ಲಿ ದಿನದ ಬಜೆಟ್ ಅಂತ ಹಾಕಿದ್ದು ಆ ದಿನದ ಗೋಡೆ ಅಲ್ಲ. ಸಾಮಾನ್ಯವಾಗಿ ಒಂದು ದಿನ ಅದರ ಎರಡರಷ್ಟರವರೆಗೂ ಖರ್ಚು ಮಾಡಬಹುದು, ತಿಂಗಳ ಲೆಕ್ಕದಲ್ಲಿ ಮಾತ್ರ 30.4 ಪಟ್ಟು ಮೀರದ ಹಾಗೆ ನೋಡಿಕೊಳ್ಳುತ್ತಾರೆ. ನೋಟ್‌ಬುಕ್ಕಿನ ಮಿತಿಗೆ ಇನ್ನು 20 ಉಳಿದಿದೆ ಅಂತ ನಿಶ್ಚಿಂತೆಯಿಂದ ಮಲಗಬೇಡಿ.

ನಿಲ್ಲಿಸಿದ ಮೂರನೇ ದಿನ ಬೆಳಿಗ್ಗೆ ನೆಟ್‌ವರ್ಕ್‌ನಿಂದ ಮೇಲ್ ಬಂತು. ಒಂದು ಮಾರಾಟ. ವಾರದ ಹಿಂದೆ ಕ್ಲಿಕ್ ಮಾಡಿದ ಯಾರೋ ಯೋಚಿಸಿ ಯೋಚಿಸಿ ಈಗ ಕೊಂಡಿದ್ದರು. ಹೀಗೆ ತಡವಾಗಿ ಬರೋದು ಇದ್ದದ್ದೇ, ನನ್ನ ಲಿಂಕಿನಿಂದ ಬಂದವರು ಅಂತ ಗುರುತಿಡುವ ಕುಕೀ 30 ದಿನ ಇತ್ತು. ಆದರೂ ಎದೆ ಹಾರಿತು. ನೇರ ಡ್ಯಾಶ್‌ಬೋರ್ಡಿಗೆ ಹೋದೆ, ಕ್ಯಾಂಪೇನ್ ಹೆಸರಿನ ಪಕ್ಕದ ಬಟನ್ ಬೂದು ಬಣ್ಣದಲ್ಲಿತ್ತು, ಒಂದು ಸಲ ತಟ್ಟಿದರೆ ನೀಲಿ. ಬೆರಳು ಅದರ ಮೇಲೇ ಇತ್ತು. ಆಮೇಲೆ ಎದ್ದು ನೋಟ್‌ಬುಕ್ ತಂದು 450ರ ಕೆಳಗೆ ಬರೆದೆ: 6 × 40 = 240. 480ರ ಅರ್ಧ. ಎರಡು ಪಟ್ಟು.

ಫೋನ್ ಆ ಕಡೆ ಇಟ್ಟೆ. ಮುಂದಿನ ವಾರ ಮೊದಲ ದಿನದ ಆ ಎರಡು ಮಾರಾಟಗಳಲ್ಲಿ ಒಂದು ರಿಫಂಡ್ ಆಯ್ತು.